ತಡವಳದ ತೋಳದ ಚಿತ್ರ

ಮರಳಿ ಹೋಗುವ ಅಕ್ಕಲಕೋಟದ ಮೋಟಾರು ಕೆಡಬಹುದು, ಕುರಿಗಾರರ ನಾಯಿ ನನ್ನ ಧೋತರ ಹಿಡಿಯಬಹುದು, ತೋಳ ಬರದೇ ಇರಬಹುದು, ಇಲ್ಲವೆ ಬಂದೇ ಬಿಡಬಹುದು! ತಡವಳ ಊರಾಚೆ, ಕುರಿ ಮೇಯುವ ಬರಡು ಮಡ್ಡಿಯ ಮೇಲೆ ಬಣ್ಣದ ಡಬ್ಬಿ ಬಿಚ್ಚಿ ಕೂತಾಗ ಇಷ್ಟೂ ಚಿಂತೆ ನನ್ನ ಜೊತೆಗೇ ಕೂತಿತ್ತು. ಇಪ್ಪತ್ತು ವರ್ಷ ಸೊಲ್ಲಾಪುರದ ಸಾಲೆಯಲ್ಲಿ ಹುಡುಗರಿಂದ ಹೂಜಿ ಬರೆಸಿದ ಡ್ರಾಯಿಂಗ್ ಮಾಸ್ತರ ನಾನು. ಒಂದಾದರೂ ಜೀವಂತ ಪ್ರಾಣಿಯನ್ನು ಎದುರಿಗೇ ನೋಡಿ ಬರೆದು ಮುಂಬಯಿಯ ಚಿತ್ರಪ್ರದರ್ಶನಕ್ಕೆ ಕಳಿಸಬೇಕೆಂಬ ಹುಚ್ಚು.

ತೋಳ ಬಂತು. ದಿಬ್ಬದ ಮೇಲೆ ನಿಂತು, ಕುರಿಗಳನ್ನು ಬಿಟ್ಟು ನನ್ನನ್ನೇ ನೋಡಿತು.

"ಅಂಜಬ್ಯಾಡ್ರಿ ಮಾಸ್ತರ," ಎಂದ ಕುರಿಗಾರ ಸಿದ್ದಪ್ಪಜ್ಜ. "ಅದು ಮೈಯಾಗ ಮಾಂಸ ಇದ್ದವರನ್ನಷ್ಟ ಹಿಡಿತೈತಿ."

ತೋಳದಿಂದ ಕಣ್ಣು ಕೀಳದೆ ಬರೆದೆ. ಮೊದಲ ಸಲ ನನ್ನ ಚಿತ್ರದಲ್ಲೊಂದು ಕಣ್ಣು ನನ್ನನ್ನು ತಿರುಗಿ ನೋಡಿತು. ತೋಳ ಹೋದ ಮೇಲೆ ಅಜ್ಜ ಚಿತ್ರಕ್ಕೆ ಕೈಮುಗಿದ. "ಇದು ನಮ್ಮ ಕುರಿಗಾರರ ದೇವರು ಬೀರೋಬಾನ ನಾಯಿರಿ!" ಎನ್ನುತ್ತ ಸೊಂಟದ ಚೀಲದಿಂದ ಒಂದು ಮುಷ್ಟಿ ಅರಿಸಿನದ ಭಂಡಾರ ತೆಗೆದು, ಇನ್ನೂ ಹಸಿಯಿದ್ದ ಚಿತ್ರದ ಮೇಲೆ ಭಕ್ತಿಯಿಂದ ಎರಚಿಯೇಬಿಟ್ಟ.

ಮುಂಬಯಿಗೆ ಹೋಗಬೇಕಾಗಿದ್ದ ತೋಳ ಈಗ ಹಳದಿಯಾಗಿ ಬೀರೋಬಾನ ಗುಡಿಯ ಗೋಡೆಯ ಮೇಲಿದೆ. ನನಗೆ ಬಹುಮಾನ ಬರಲಿಲ್ಲ. ಅದಕ್ಕೆ ಮಾತ್ರ ಪ್ರತಿ ರವಿವಾರ ಹೋಳಿಗೆಯ ಎಡೆ ಬರುತ್ತದೆ.