ಮಂತ್ರಿಗಳು ಕುಡಿದ ನೀರು

ಮಂತ್ರಿಗಳು ಅಂದು ಆ ನೀರು ಕುಡಿಯಲಿಲ್ಲ. ಕುಡಿದರು ಎಂದು ಅಚ್ಚು ಹಾಕಿಸಿದವನು ನಾನು.

ಹೇಳಿಬಿಟ್ಟೆ. ಹೇಳಿದ ಮೇಲೆ ಹಗುರವಾಗುತ್ತದೆ ಅನ್ನುತ್ತಾರಲ್ಲ — ಇನ್ನೂ ಆಗಿಲ್ಲ.

ಆ ದಿನ ಏನೇನು ಕೆಡಬಹುದಾಗಿತ್ತು ಎಂಬುದು ನನಗೆ ಇಂದಿಗೂ ಬಾಯಿಪಾಠ. ಗದಗಿನಿಂದ ಹೊರಟ ಜೀಪು ಶಿರಹಟ್ಟಿ ಮುಟ್ಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ಮಂತ್ರಿಗಳ ಹೆಸರಿನ ಇನಿಷಿಯಲ್ ಹಿಂದುಮುಂದಾಗಬಹುದಿತ್ತು. ಹಾರ ಹಾಕಿದವರ ಸಾಲಿನಲ್ಲಿ ಪಂಚಾಯತಿ ಚೇರಮನ್ನರಿಗಿಂತ ಸೊಸಾಯಿಟಿ ಚೇರಮನ್ನರ ಹೆಸರು ಮೊದಲು ಬಂದು, ಮರುದಿನ ಇಬ್ಬರೂ ಕೂಡಿಯೇ ಪ್ರೆಸ್ಸಿಗೆ ಬರಬಹುದಿತ್ತು. ಬೆಟಗೇರಿಯ ಕಡೆ ಕರೆಂಟು ಹೋಗಿ ಯಂತ್ರ ನಿಲ್ಲಬಹುದಿತ್ತು. ಮುಂಡರಗಿಯ ಕಡೆಯ ಬಸ್ಸು ನಮ್ಮ ಪೇಪರಿನ ಕಟ್ಟನ್ನು ಬಿಟ್ಟು ಹೋಗಬಹುದಿತ್ತು. ಹೊಸ ಕೈಪಂಪು ಮಂತ್ರಿಗಳೆದುರು ನೀರಿನ ಬದಲು ಬರೀ ಗಾಳಿ ಉಗುಳಬಹುದಿತ್ತು. ಇವೆಲ್ಲಕ್ಕೂ ನಾನು ಮುಂಗಡವಾಗಿಯೇ ಬೆವರಿದ್ದೆ. "ನಮ್ಮವರು ಹುಟ್ಟಿದ ಕೂಡ್ಲೆ ಅಳಲಿಲ್ಲಂತ್ರಿ, ಪಾಪ, ಸೂಲಗಿತ್ತಿ ಕತ್ತಲಾಗ ಮನಿಗೆ ಹೆಂಗ ಹೋಗ್ತಾಳೋ ಅಂತ ಚಿಂತಿ ಮಾಡಾಕ ಹತ್ತಿದ್ರಂತ" ಎಂದು ನನ್ನ ಹೆಂಡತಿ ಬಂದವರೆದುರೆಲ್ಲ ಹೇಳುತ್ತಾಳೆ.

ಇವುಗಳಲ್ಲಿ ಒಂದೂ ಕೆಡಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಗದಗಿನ ಒಂದು ಸಣ್ಣ ದಿನಪತ್ರಿಕೆ — ಈಗ ನಿಂತುಹೋಗಿದೆ. ಅದರ ವರದಿಗಾರ, ಉಪಸಂಪಾದಕ, ಪ್ರೂಫ್ ತಿದ್ದುವವ ಎಲ್ಲ ನಾನೊಬ್ಬನೇ. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಹಳ್ಳಿಯ ಸಮಾರಂಭಕ್ಕೆ ಹೋಗಿ, ಬಂದು, ಬರೆದು, ಜೋಡಿಸುವಷ್ಟರಲ್ಲಿ ಕಡೆಯ ಬಸ್ಸು ಹೋಗಿರುತ್ತಿತ್ತು. ಅದಕ್ಕಾಗಿ ನಮ್ಮಲ್ಲೊಂದು ರೂಢಿ: ಸಮಾರಂಭಕ್ಕೆ ಹೋಗುವ ಮುಂಚೆಯೇ ಸಮಾರಂಭವನ್ನು ಮುಗಿಸಿಬಿಡುವುದು. ಬೆಳಿಗ್ಗೆ ನಾನು ವರದಿ ಬರೆದುಕೊಟ್ಟರೆ, ಮೊಳೆ ಜೋಡಿಸುವ ಮಾಬುಸಾಬರು ಮಧ್ಯಾಹ್ನದೊಳಗೆ ಅದನ್ನು ಕಟ್ಟಿ ದಾರ ಸುತ್ತಿ ಇಡುತ್ತಿದ್ದರು. ಸಂಜೆ ಬಂದು ಒಂದೆರಡು ಹೆಸರು ಬದಲಿಸಿದರೆ ಆಯಿತು. ನೀರಿನ ಉದ್ಘಾಟನೆಗಂತೂ ಒಂದು ಸಾಲು ಬಿಚ್ಚದೆ ಸದಾ ತಯಾರಿರುತ್ತಿತ್ತು: "ಸನ್ಮಾನ್ಯ ಮಂತ್ರಿಗಳು ಸ್ವತಃ ನೀರು ಕುಡಿದು, ಸಿಹಿಯಾಗಿದೆಯೆಂದು ಹರ್ಷ ವ್ಯಕ್ತಪಡಿಸಿದರು." ಎಷ್ಟು ಊರುಗಳ ನೀರನ್ನು ಆ ಒಂದು ಸಾಲು ಸಿಹಿ ಮಾಡಿತೋ!

ಆ ಊರು ಶಿರಹಟ್ಟಿ–ಮುಂಡರಗಿಗಳ ನಡುವೆ, ದಾರಿ ಬಿಟ್ಟು ಒಳಗೆ. ಹೆಸರು ಬರೆಯಲಾರೆ. ಪೇಪರಿನಲ್ಲಿ ಬಂದು ಅವರಿಗೆ ಆದದ್ದು ಸಾಕು.

ಬೋರು ಕೊರೆಯುವ ಯಂತ್ರ ನಮ್ಮ ಕಡೆ ಆಗ ಹೊಸದು. ಜನ ಅದನ್ನು ದೇವರೇ ಬಂದಂತೆ ನೋಡುತ್ತಿದ್ದರು. ಪಂಪಿಗೆ ಕುಂಕುಮ ಹಚ್ಚಿದ್ದರು. ಮಂತ್ರಿಗಳು ಹಿಡಿಕೆ ಒತ್ತಿದರು, ನೀರು ಬಂತು, ಚಪ್ಪಾಳೆ. ಸ್ಟೀಲಿನ ಗ್ಲಾಸು ತುಟಿಯವರೆಗೆ ಹೋಯಿತು, ಫೋಟೋ ಆಯಿತು, ಗ್ಲಾಸು ಹಾಗೆಯೇ ಇಳಿಯಿತು. ಆಪ್ತ ಸಹಾಯಕ ಅದನ್ನು ಇಸಿದುಕೊಂಡು ಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಜೀಪಿನಿಂದ ಸೋಡಾ ತಂದ.

"ಯಾಕ್ರೀ, ಸಾಹೇಬ್ರಿಗೆ ನೀರಡಿಕಿ ಇಲ್ಲೇನು?" ನಗುತ್ತ ಕೇಳಿದೆ.

ಅವನು ದನಿ ಇಳಿಸಿದ. "ಈ ಭಾಗದ ಬೋರಿನ ನೀರು ಛಲೋ ಅಲ್ಲಂತ್ರಿ. ಹಲ್ಲು ಕೆಡ್ತಾವ, ಸಣ್ಣ ಹುಡುಗರ ಎಲುಬು ಸೊಟ್ಟ ಆಗ್ತಾವ ಅಂತ ಎಂಜಿನಿಯರ್ ಸಾಹೇಬ್ರು ಮಂತ್ರಿಗಳ ಕಾರಿನ್ಯಾಗ ಅಂದ್ರು. ನೀವೂ ಸೋಡಾ ತಗೋರಿ."

ನಾನೂ ತೆಗೆದುಕೊಂಡೆ. ತಣ್ಣಗಿತ್ತು.

ಅಂದರೆ ಎಂಜಿನಿಯರಿಗೆ ಗೊತ್ತಿತ್ತು, ಮಂತ್ರಿಗೆ ಗೊತ್ತಿತ್ತು, ಸಹಾಯಕನಿಗೆ ಗೊತ್ತಿತ್ತು. ಮತ್ತು — ನನಗೂ. ಗೊತ್ತಿಲ್ಲದವರು ಚಪ್ಪಾಳೆ ತಟ್ಟುತ್ತಿದ್ದವರು ಮಾತ್ರ.

ಸಂಜೆ ಪ್ರೆಸ್ಸಿನಲ್ಲಿ ಮಾಬುಸಾಬರು ಕೇಳಿದರು: "ಸಾಹೇಬ್ರು ನೀರು ಕುಡದ್ರೇನ್ರಿ ರಾಯರ? ಇಲ್ಲಂದ್ರ ಹೇಳ್ರಿ, ಆ ಸಾಲು ತಗದಬಿಡ್ತೀನಿ. ಇನ್ನೂ ಪುಟ ಬಿಗದಿಲ್ಲ."

ನಾನು ಗಡಿಯಾರ ನೋಡಿದೆ. ಸಾಲು ತೆಗೆದರೆ ಜಾಗ ತುಂಬಬೇಕು. ತುಂಬುವುದರಲ್ಲಿ ಬಸ್ಸು ಹೋದರೆ. ಯಾಕೆ ತೆಗೆದಿರಿ ಎಂದು ಮಂತ್ರಿಗಳ ಕಡೆಯವರು ಮಾಲಕರನ್ನು ಕೇಳಿದರೆ —

"ಕುಡದ್ರು, ಬಿಡ್ರಿ," ಅಂದೆ. "ಇನಿಷಿಯಲ್ ಮಾತ್ರ ಇನ್ನೊಮ್ಮೆ ನೋಡ್ರಿ."

ಬಸ್ಸು ಸಿಕ್ಕಿತು. ಇನಿಷಿಯಲ್ ಸರಿಯಾಗಿತ್ತು. ನಮ್ಮ ಪತ್ರಿಕೆ ತಿದ್ದುಪಡಿ ಹಾಕುತ್ತಿರಲಿಲ್ಲವೆಂದಲ್ಲ. ಒಮ್ಮೆ 'ಸನ್ಮಾನ್ಯ' ಬಿಟ್ಟುಹೋದದ್ದಕ್ಕೆ ಚೌಕಟ್ಟು ಕಟ್ಟಿ ವಿಷಾದಿಸಿದ್ದೆವು. ಈ ನೀರಿಗೆ ಯಾರೂ ತಿದ್ದುಪಡಿ ಕೇಳಲಿಲ್ಲ. ನಾನೂ ಹಾಕಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಅದೇ ಊರಿಗೆ ಮತ್ತೊಬ್ಬ ಮಂತ್ರಿ ಶಾಲೆಯ ಹೊಸ ಕೋಣೆ ಉದ್ಘಾಟಿಸಲು ಬರುವವರಿದ್ದರು. ನಾನು ಹಿಂದಿನ ದಿನವೇ ಹೋದೆ — ಮರುದಿನದ ವರದಿ ಬರೆಯಲು. ರೂಢಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬಿಸಿಲಿಗೆ ಶಾಲೆಯ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತೆ. ಮನೆಯೊಡತಿ ಫಕ್ಕೀರವ್ವ. ಹೊಸ್ತಿಲಲ್ಲಿ ಅವಳ ಮಗಳು ಗಿರಿಜಾ ಕೂತಿತ್ತು — ಶಾಲೆಗೆ ಹೋಗುವ ವಯಸ್ಸು, ಆದರೆ ಶಾಲೆ ಪಕ್ಕದಲ್ಲೇ ಇದ್ದರೂ ಹೋಗದು. ಮೊಣಕಾಲು ಒಂದಕ್ಕೊಂದು ತಾಗಿ, ಪಾದಗಳು ಹೊರಗೆ ತಿರುಗಿದ್ದವು. ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ.

ನಾನು ಕೇಳಲಿಲ್ಲ. ಫಕ್ಕೀರವ್ವನೇ ಹೇಳಿದಳು.

"ಆ ಬೋರು ಹಾಕಿದಾಗ ಈಕೀ ಅಂಬೆಗಾಲ ಇಡ್ತಿದ್ಲ್ರಿ. ಮಂತ್ರಿ ಬಂದಾಗ ನಾ ಬೇವಿನ ಗಿಡದ ಕಡೆ ನಿಂತಿದ್ದೆ. ಕಣ್ಣಾರೆ ನೋಡೇನಿ, ಆಂವ ಕುಡೀಲಿಲ್ಲ. ನನ್ನ ಕಾಲ ಮ್ಯಾಲ ಸಿಡೀತು ಆ ನೀರು. ದೊಡ್ಡಾಂವ ಒಲ್ಲದ ನೀರು ನನ್ನ ಕೂಸಿಗೆ ಯಾಕಂತ, ಹಳ್ಳದಾಗ ಉಸುಕು ತೋಡಿ ಒರತಿ ನೀರು ತರ್ತಿದ್ದೆ. ನಮ್ಮತ್ತಿ 'ಮಂತ್ರಿಗಿಂತ ನೀ ದೊಡ್ಡಾಕೀ ಏನ?' ಅಂತಿದ್ಲು. ನಾ ಕೇಳಲಿಲ್ಲ."

"ಮತ್ತ?"

"ಮತ್ತೇನ್ರಿ, ಊರ ಕಟ್ಟಿ ಮ್ಯಾಲ ಮಾಸ್ತರು ಪೇಪರು ಓದಿ ಹೇಳಿದ್ರು. ಮಂತ್ರಿ ಸ್ವತಾ ಕುಡದಾನ, ಸಿಹಿ ಐತಿ ಅಂದಾನ. 'ಏನಬೇ ಫಕ್ಕೀರವ್ವ, ನಿನ್ನ ಕಣ್ಣು ಖರೆನೋ ಪೇಪರು ಖರೆನೋ?' ಅಂತ ಎಲ್ಲಾರೂ ನಕ್ಕರು. ನಾನೂ ನಕ್ಕೆ. ನನ್ನ ಕಣ್ಣಿಗೇ ಏನೋ ಆಗಿತ್ತು ಅಂತ ತಿಳಕೊಂಡೆ. ಪೇಪರಿನ್ಯಾಗ ಸುಳ್ಳು ಬರತೈತೇನ್ರಿ? ಹಳ್ಳಕ್ಕ ಹೋಗೂದು ಬಿಟ್ಟೆ."

ಮುಂದೆ ಮಕ್ಕಳ ಕಾಲು ನೋಡಿ ಊರವರು ನೀರಿನ ದೂರು ಹೊತ್ತು ತಾಲೂಕು ಕಚೇರಿಗೆ ಹೋದರಂತೆ. ಅಲ್ಲಿಯ ಸಾಹೇಬರು, ಮಂತ್ರಿಯೇ ಕುಡಿದ ನೀರು, ಅವರಿಗೇನೂ ಆಗಿಲ್ಲವಲ್ಲ, ಅಂದರಂತೆ. ನಿಜ — ಅವರಿಗೇನೂ ಆಗಿರಲಿಲ್ಲ.

"ನೀವು ಗದಗಿನವ್ರಲ್ಲೇನ್ರಿ? ಆ ಪೇಪರಿನ್ಯಾಗ ಬರದಾಂವ ಯಾರಂತ ಗೊತ್ತೇನು?"

"ಯಾರೋ ಏನೋವ್ವಾ," ಅಂದೆ.

ಇದು ಎರಡನೆಯ ಸುಳ್ಳು. ಇದಕ್ಕೆ ಬಸ್ಸಿನ ನೆಪವೂ ಇರಲಿಲ್ಲ. ಗದಗಿಗೆ ಮರಳಿ ಶಾಲೆಯ ಕೋಣೆಯ ವರದಿ ಬರೆದೆ. ಕಾಲುಗಳ ಬಗ್ಗೆ ಬರೆಯಲಿಲ್ಲ — ಬರೆದರೆ ಹಳೆಯ ಸಾಲು ಯಾರದೆಂದು ಯಾರಾದರೂ ಹುಡುಕಿಯಾರು ಎಂದು. ನನ್ನ ಚಿಂತೆಗಳೆಲ್ಲ ಸದಾ ನನ್ನ ಸುತ್ತಲೇ.

ಈಗ ಬರೆಯುತ್ತಿದ್ದೇನೆ. ಅಂದು ಓದಿದಂತೆಯೇ ಇದನ್ನೂ ಯಾರಾದರೂ ಆ ಊರ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಲಿ: ಫಕ್ಕೀರವ್ವಾ, ನಿನ್ನ ಕಣ್ಣು ಖರೆ. ಪೇಪರು ಸುಳ್ಳು. ಬರೆದವನು, ಅಂದು ನಿನ್ನ ಮನೆಯ ಕಟ್ಟೆಯ ಮೇಲೆ ಕೂತವನೇ.

ಇನ್ನೊಂದು ಉಳಿದಿದೆ. ಸಣ್ಣದು. ಅದನ್ನೂ ಹೇಳಬೇಕು.

ಅಂದು ನಾನು ಏಳುವ ಮುಂಚೆ ಅವಳು ಒಳಗೆ ಹೋಗಿ ತಾಟಿನಲ್ಲಿ ಬೆಲ್ಲದ ಚೂರು, ತಂಬಿಗೆಯಲ್ಲಿ ನೀರು ತಂದಿಟ್ಟಳು. ಬಿಸಿಲಲ್ಲಿ ಬಂದವರನ್ನು ನಮ್ಮ ಕಡೆ ಹಾಗೆ ಕಳಿಸುವುದಿಲ್ಲ. ಹಳ್ಳದ ಉಸುಕನ್ನೆಲ್ಲ ಲಾರಿಗಳು ಹೊತ್ತೊಯ್ದಿದ್ದವು; ಊರಲ್ಲಿ ಆ ಬೋರಿನದು ಬಿಟ್ಟು ಬೇರೆ ನೀರಿರಲಿಲ್ಲ. "ತಗೋರಿ," ಅಂದಳು. ಗಿರಿಜಾ ಹೊಸ್ತಿಲಿಂದ ನನ್ನನ್ನೇ ನೋಡುತ್ತಿತ್ತು. ತಂಬಿಗೆ ಎತ್ತಿದೆ, ತುಟಿಯವರೆಗೆ ತಂದೆ.

ಬೆಲ್ಲ ತಿಂದೆ. ನೀರು ಕುಡಿಯಲಿಲ್ಲ.