ಹಾಲಾಗುವ ಕೈ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ನಾನೂ ನನ್ನ ಸಹಪಾಠಿಯೂ ಮಾದಾಪುರದ ಹತ್ತಿರದ ಒಂದೇ ಎಸ್ಟೇಟಿನಲ್ಲಿ ಆಳು-ಲೆಕ್ಕ ನೋಡುವ ರೈಟರುಗಳಾಗಿದ್ದೆವು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ರಸಾಯನಶಾಸ್ತ್ರ ಓದಿದವರು. ಆದರೂ ಕಾಫಿಗಿಡಕ್ಕೆ ಹೊಡೆಯುವ ಬೋರ್ಡೋ ಮದ್ದು ಅವನ ಕೈಯಲ್ಲಿ ಹಾಲಾಗುತ್ತಿತ್ತು, ನನ್ನ ಕೈಯಲ್ಲಿ ಮೊಸರಾಗುತ್ತಿತ್ತು.

ಮೈಲುತುತ್ತದ ನೀರು ಒಂದು ಪೀಪಾಯಿ, ಸುಣ್ಣದ ನೀರು ಇನ್ನೊಂದು. ಎರಡೂ ಸೇರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿ ಕಣಗಳು ಹುಟ್ಟುತ್ತವೆ. ಅವಕ್ಕೆ ಒಂದಕ್ಕೊಂದರ ಮೇಲೆ ಸೆಳೆತ. ಬೆರೆಸುವ ಎರಡು ನೀರೂ ಗಟ್ಟಿಯಿದ್ದರೆ ಕೂಡಲೇ, ತೆಳುವಿದ್ದರೆ ಹೊತ್ತು ಕಳೆದ ಮೇಲೆ ಅಂಟಿಕೊಂಡು, ಬಲೆ ಹೆಣೆದು, ನೀರನ್ನೂ ಒಳಗೇ ಹಿಡಿದು ಲೋಳೆಯಾಗಿಬಿಡುತ್ತವೆ.

"ಏನ್ ರೈಟ್ರೇ, ಇವತ್ತೂ ಮೊಸ್ರಾ? ಉಪ್ಪು ತರ್ಲಾ?" ಎಂದು ಪಂಪು ಒತ್ತುವ ಹೆಂಗಸು ಕೇಳಿದರೆ ಇಡೀ ಸಾಲು ನಗುತ್ತಿತ್ತು. ಅವನೂ ನಗುತ್ತಿದ್ದ. ಮದ್ದಿನ ಕೆಲಸವೆಲ್ಲ ಇನ್ನು ಅವನದೇ ಎಂದು ಸಾಹುಕಾರರು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅವನ ಉಗುರಿಗೆ ಹತ್ತಿದ ನೀಲಿಯೂ ನನಗೆ ಒಡವೆಯಂತೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಮಳೆ ಬಂದು ಕೆಲಸ ನಿಂತಿತು. ಅರ್ಧ ಪೀಪಾಯಿ ಮದ್ದು ಉಳಿಯಿತು.

"ಚೆಲ್ಬಿಡೋ, ನಾಳೆಗೆ ಆಗಲ್ಲ," ಎಂದೆ.

"ನಿಂದಾದ್ರೆ ಚೆಲ್ಲು. ನಂದು ನಾಳೆಗೂ ಹಾಲೇ."

ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಲೋಳೆ. ಕೋಲಿನಿಂದ ಕಲಕಿ ಹೊಡೆಯಲು ಶುರುಮಾಡಿದ. ಸ್ವಲ್ಪ ಹೊತ್ತಿಗೇ ಕೊಳವೆಯ ತುದಿಯ ನಾಜಲ್ ಕಟ್ಟಿಕೊಂಡಿತು. ಇಳಿಜಾರಿನ ಕೆಳಗಿದ್ದ ಪಂಪಿನವರು ಅದು ತಿಳಿಯದೆ ಒತ್ತುತ್ತಲೇ ಇದ್ದರು. ಅವನು ನಾಜಲನ್ನು ಮುಖದ ಹತ್ತಿರ ಹಿಡಿದು ತಿರುಪಿದ. ಬುಸ್ಸೆಂದಿತು. ಮುಖವೆಲ್ಲ ನೀಲಿ.

"ಕಣ್ಣು! ಲೋ, ಕಣ್ಣು ಕಾಣ್ತಿಲ್ಲ ಕಣೋ!"

ಸುಣ್ಣ ಕಣ್ಣು ತಿನ್ನುತ್ತದೆ. ಅವನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಪಕ್ಕದಲ್ಲೇ ಹರಿಯುತ್ತಿದ್ದ ತೋಡಿನ ನೀರನ್ನು ಹೊಯ್ದೆ, ಹೊಯ್ಯುತ್ತಲೇ ಇದ್ದೆ. ಈಗಲೂ ಮುಖ ತೊಳೆಯುವಾಗ ಆ ರೆಪ್ಪೆಗಳು ನನ್ನ ಬೆರಳಡಿ ಒದ್ದಾಡುತ್ತವೆ.

ಮಡಿಕೇರಿಯ ಆಸ್ಪತ್ರೆಗೆ ಸಾಹುಕಾರರ ಕಾರಿನಲ್ಲೇ ಹೋದೆವು. ಕಣ್ಣು ಉಳಿಯುತ್ತದೋ ಇಲ್ಲವೋ, ಕಟ್ಟು ಬಿಚ್ಚುವವರೆಗೆ ಹೇಳಲಾಗದು ಎಂದರು ಡಾಕ್ಟರು. ಕೂಲಿ ಲೈನಿನ ಹೆಂಗಸರು ಕಿತ್ತಳೆ ತಂದರು. ಉಪ್ಪಿನ ಮಾತಾಡಿದವಳು ಬಾಗಿಲಲ್ಲಿ ನಿಂತು ಅತ್ತಳು. ಅವನ ಕಣ್ಣು ತೊಳೆದದ್ದು ಯಾರೆಂದು ಯಾರೂ ಕೇಳಲಿಲ್ಲ. ಅವನ ಕಣ್ಣಿಗಾಗಿ ಹರಕೆ ಹೊರುತ್ತ, ಅವನ ಮಂಚದ ಸುತ್ತಲಿನ ಜನರನ್ನು ಕಂಡು ಕರುಬುತ್ತ ಕೂತಿದ್ದೆ.

ಕಟ್ಟು ಬಿಚ್ಚಿದರು. ಅವನು ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನತ್ತ ನೋಡಿದ.

"ಗಡ್ಡ ಬೋಳಿಸ್ಕೊಳ್ಳೋ ಮಾರಾಯ. ಇದನ್ನ ನೋಡೋಕಾ ಕಣ್ಣು ಉಳ್ಸಿದ್ದು?"

ವಾರ್ಡೆಲ್ಲ ನಕ್ಕಿತು. ನಾನು ವೆರಾಂಡಕ್ಕೆ ಹೋಗಿ ಕಂಬ ಹಿಡಿದು ನಿಂತೆ. ಒಳಗೆ ಅವನು ಇನ್ನೇನೋ ಹೇಳಿದ. ಎಲ್ಲರೂ ಮತ್ತೆ ನಕ್ಕರು.