ಸೈಲೆನ್ಸ್ ಸರ್ ಕೊಟ್ಟ ಧ್ವನಿ

ಸೈಲೆನ್ಸ್ ಸರ್ ಅವರನ್ನು ನಾನು ಮೊದಲು ಕಂಡಿದ್ದು ಗುಡ್ಡದ ಬುಡಕಟ್ಟು ಜನರ ಊರಿನಲ್ಲಿ, ಹಳೆಯ ದವಸದ ಕೋಣೆಯೊಂದರಲ್ಲಿ. ಅಲ್ಲಿ ಸಮುದಾಯ ರೇಡಿಯೊ ತೆರೆಯಲು ಹೊರಟಿದ್ದ ಸಂಸ್ಥೆ, ಆ ಜನರ ಭಾಷೆ ಬರುತ್ತದೆಂದು ನನ್ನನ್ನು ಸಹಾಯಕನಾಗಿ ತೆಗೆದುಕೊಂಡಿತ್ತು. ಸದ್ದು ತಡೆಯಲು ಗೋಡೆ ತುಂಬ ಮೊಟ್ಟೆಯ ಟ್ರೇ, ಬಾಗಿಲಿಗೆ ಕಂಬಳಿ. ತರಬೇತುದಾರರಾಗಿ ಬಂದಿದ್ದ ಅವರು ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡು, ಶೂಗೆ ಧೂಳು ತಾಗದಂತೆ ತುದಿಗಾಲಲ್ಲಿ ಒಳಗೆ ಬಂದರು. ಕಲಿಯಲು ಬಂದು ಕೂತಿದ್ದ ಹೆಂಗಸರತ್ತ ತಿರುಗಿಯೂ ನೋಡದೆ, "ಬ್ಯಾನರ್ ಯಾವ ಗೋಡೆಗೆ?" ಎಂದರು. ಅಷ್ಟರಲ್ಲಿ ಹೊರಗೊಂದು ಕೋಳಿ ಕೂಗಿತು. "ಸೈಲೆನ್ಸ್!" ಎಂದು ಗದರಿದರು. ಕೋಳಿ ಕ್ಯಾರೇ ಎನ್ನಲಿಲ್ಲ. ಹೆಸರು ಮಾತ್ರ ಅಂದೇ ಅಂಟಿಕೊಂಡಿತು.

ಒಂದು ಕಾಲದಲ್ಲಿ ಅವರು ಯಾವುದೋ ನಿಲಯದಲ್ಲಿ ಹವಾಮಾನ ವರದಿ ಓದುತ್ತಿದ್ದರಂತೆ. ಅದೊಂದೇ ಬಂಡವಾಳ. ಮೀನುಗಾರರಿಗೆ, ಗಣಿ ಕೂಲಿಗಳಿಗೆ, ಕುರಿ ಕಾಯುವವರಿಗೆ "ಧ್ವನಿ ಕೊಟ್ಟಿದ್ದೇನೆ" ಎನ್ನುತ್ತಿದ್ದರು, ಅಲ್ಲಿಯವರೆಗೆ ಅವರೆಲ್ಲ ಮೂಗರಾಗಿದ್ದರೇನೋ ಎಂಬಂತೆ.

ಊರಿಗೆಲ್ಲ ದೊಡ್ಡಮ್ಮನಾಗಿದ್ದ ಸೂಲಗಿತ್ತಿಯೂ ಕಲಿಯಲು ಬಂದಿದ್ದಳು. ಅವಳ ಮೊಮ್ಮಕ್ಕಳು ಈಗ ಜಗಳವನ್ನೂ ಶಾಲೆಯ ಭಾಷೆಯಲ್ಲೇ ಆಡುತ್ತಿದ್ದವು. ರೇಡಿಯೊದಿಂದಾದರೂ ತಮ್ಮ ಮಾತು ಆ ಮಕ್ಕಳ ಕಿವಿಗೆ ಬೀಳಲಿ ಎಂಬುದು ಅವಳ ಆಸೆ. ಪರವಾನಗಿ ಸಮಿತಿಯ ಎದುರು ಊರಿನವರಿಗೆ ಒಂದು ಕಾರ್ಯಕ್ರಮ ಕೇಳಿಸಬೇಕಿತ್ತು; ಕೇಳಿದ ಜನ ಮೆಚ್ಚಿದರೆ ನಿಲಯ, ಇಲ್ಲವಾದರೆ ಇಲ್ಲ.

ಆ ಜನರಲ್ಲಿ ಕತೆ ಹೇಳುವವರ ಎದುರಿಗೆ ಒಬ್ಬರು ಕೂತು ಮಾತು ಮಾತಿಗೂ ಹೂಂಗುಡಬೇಕು. ದೊಡ್ಡಮ್ಮ ನಾದಿನಿಯನ್ನು ಕರೆದುಕೊಂಡೇ ಮೈಕಿನ ಮುಂದೆ ಕೂತಳು.

"ಈಯಮ್ಮ ಯಾಕೆ?" ಎಂದರು ಸರ್.

"ಹೂಂ ಅನ್ನೋಕೆ."

"ಅದೆಲ್ಲ ಗಲಾಟೆ. ಆಮೇಲೆ ಕತ್ತರಿಸಿ ಹಾಕ್ತೀನಿ."

"ಪಾಪ, ಇವರಿಗೆ ಮನೇಲಿ ಯಾರೂ ಹೂಂ ಅನ್ನಲ್ಲ ಅಂತ ಕಾಣತ್ತೆ ಅತ್ತಿಗೆ," ಎಂದಳು ನಾದಿನಿ.

ನಾನು ಬಾಯಿ ಹಾಕಿದೆ. "ಸರ್, ಅದು ಇರಲಿ. ಅದಿಲ್ಲದೆ ಇವರು ಕತೆ ಕೇಳಲ್ಲ."

"ನೀನು ಡಿಗ್ರಿ ಮಾಡಿದ್ದು ಯಾವುದರಲ್ಲಪ್ಪಾ?"

"ಇತಿಹಾಸದಲ್ಲಿ ಸರ್."

"ಹಾಗಾದ್ರೆ ಮುಗಿದುಹೋಗಿದ್ದನ್ನ ನೋಡ್ಕೋ. ರೇಡಿಯೊ ನನಗೆ ಬಿಡು."

ಒಂದು ಹೂಂ ಕೂಡ ಉಳಿಯದಂತೆ ಕತ್ತರಿಸಿದರು. ಸಮಿತಿ ಬಂದ ದಿನ ಅಂಗಳದಲ್ಲಿ ದೊಡ್ಡಮ್ಮನ ದನಿ ಕನ್ನಡಿಯಷ್ಟು ಸ್ವಚ್ಛವಾಗಿ ಕೇಳಿಸಿತು. ಜನ ಮುಖ ಮುಖ ನೋಡಿಕೊಂಡರು.

"ಯಾರೂ ಕೇಳ್ತಾ ಇಲ್ಲ, ಇವಳೊಬ್ಬಳೇ ಮಾತಾಡ್ತಿದ್ದಾಳೆ. ತಲೆ ಕೆಟ್ಟಿದೆಯೇನು ಇವಳಿಗೆ?" ಎನ್ನುತ್ತ ಅಜ್ಜನೊಬ್ಬ ಎದ್ದ. ಅವನ ಹಿಂದೆ ಅಂಗಳವೇ ಖಾಲಿಯಾಯಿತು. ಊರಿನ ಜನಕ್ಕೇ ಬೇಡವಾದ ನಿಲಯ ಯಾಕೆಂದು ಸಮಿತಿಯವರೂ ಜೀಪು ಹತ್ತಿದರು.

"ಇನ್ನೊಂದ್ಸಲ ಮಾಡೋಣ ಸರ್, ನಾದಿನೀನ ತೆಗೀಬೇಡಿ," ಎಂದು ದೊಡ್ಡಮ್ಮ ಅಂಗಲಾಚಿದಳು.

"ಪ್ರಾಜೆಕ್ಟ್ ಮುಗೀತಲ್ಲಮ್ಮ," ಎಂದು ಸರ್ ಬ್ಯಾನರ್ ಸುತ್ತತೊಡಗಿದರು.

ಗುಡ್ಡಕ್ಕೆ ರೇಡಿಯೊ ಬರಲಿಲ್ಲ. ಈ ಸಮುದಾಯ ಕೇಳುವುದಕ್ಕೆ ಇನ್ನೂ ಸಿದ್ಧವಾಗಿಲ್ಲ ಎಂದು ಅವರು ಸಂಸ್ಥೆಗೆ ವರದಿ ಒಪ್ಪಿಸಿದರು. ಸಂಸ್ಥೆಗೆ ಆ ಮಾತು ಬಹಳ ಆಳವಾಗಿ ಕಂಡಿತು. ಬಡ್ತಿ ಕೊಟ್ಟು ಮುಖ್ಯ ಕಚೇರಿಗೆ ಕರೆಸಿಕೊಂಡಿತು. ಈಗ ಅವರು ತರಬೇತುದಾರರಿಗೆ ತರಬೇತಿ ಕೊಡುತ್ತಾರೆ.